ಕಕ್ಕೇರಿ ಅನ್ನೋ ಹೆಸರಿನ ಹಿಂದೆ ತೊಗಲು ಹದ ಮಾಡಿದ ಕೈ: ಡೋಹರ ಕಕ್ಕಯ್ಯನವರ ಬದುಕು

ಖಾನಾಪುರ: ಅಳ್ನಾವರ ಕಡೆಯಿಂದ ಬೀಡಿ ಕಡೆ ಬರೋ ಬಸ್ಸಿನಲ್ಲಿ ಕಂಡಕ್ಟರ್ ಕಕ್ಕೇರಿ, ಕಕ್ಕೇರಿ ಅಂತ ಕೂಗ್ತಾರೆ. ಇಳಿಯೋರು ಚೀಲ ಎತ್ಕೊಂಡು ಇಳೀತಾರೆ, ಉಳಿದವರು ಕಿಟಕಿ ಹೊರಗೆ ನೋಡ್ತಾ ಕೂರ್ತಾರೆ. ಆ ಕೂಗಿನಲ್ಲಿ ಒಬ್ಬ ಮನುಷ್ಯನ ಹೆಸರು ಅಡಗಿದೆ ಅನ್ನೋದು ಎಷ್ಟೋ ಜನರ ಗಮನಕ್ಕೇ ಬಂದಿರಲ್ಲ. ನಮ್ಮ ತಾಲೂಕು ಅಂದ್ರೆ ಮೊದಲು ನೆನಪಾಗೋದು ನಂದಗಡ, ಸಂಗೊಳ್ಳಿ ರಾಯಣ್ಣ. ಅದು ಸರಿಯೇ. ಆದರೆ ರಾಯಣ್ಣನಿಗಿಂತ ಆರೂವರೆ ಶತಮಾನ ಮೊದಲೇ ಇದೇ ಕಾಡಿನ ಅಂಚಿನಲ್ಲಿ ಇನ್ನೊಬ್ಬರು ಕತ್ತಿ ಹಿಡಿದು ಬಿದ್ದರು ಅಂತ ಈ ಭಾಗದ ಜನ ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಅವರು ಸಿಪಾಯಿ ಅಲ್ಲ, ಒಡೆಯರೂ ಅಲ್ಲ. ಸತ್ತ ದನದ ತೊಗಲು ಹದ ಮಾಡಿ ಹೊಟ್ಟೆ ಹೊರೆದವರು. ಹೆಸರು ಡೋಹರ ಕಕ್ಕಯ್ಯ.

12ನೇ ಶತಮಾನದ ಶರಣರಲ್ಲಿ ಕಕ್ಕಯ್ಯನವರ ಹೆಸರು ಗೊತ್ತಿಲ್ಲದವರು ಕಡಿಮೆ. ಬದುಕು ಗೊತ್ತಿರೋರು ಇನ್ನೂ ಕಡಿಮೆ. ಹುಟ್ಟಿದ ವರ್ಷ ಎಲ್ಲೂ ಬರೆದಿಟ್ಟಿಲ್ಲ. ಮಾಳವ ದೇಶದಿಂದ ಕಲ್ಯಾಣಕ್ಕೆ ಬಂದವರು ಅನ್ನೋದು ಪರಂಪರೆಯ ಮಾತು. ಮಾಳವ ಅಂದ್ರೆ ಇವತ್ತಿನ ಮಧ್ಯಪ್ರದೇಶದ ಕಡೆ. ಅಲ್ಲಿಂದ ಇಲ್ಲಿಗೆ ನಡೆದು ಬರೋದು ಅಂದ್ರೆ ಆಟ ಅಲ್ಲ. ಆದರೆ ಆ ಕಾಲದಲ್ಲಿ ಕಲ್ಯಾಣದ ಸುದ್ದಿ ಕೇಳಿ ಕಾಶ್ಮೀರದಿಂದಲೂ ಜನ ಬಂದರು ಅಂತ ಹೇಳ್ತಾರೆ, ಹಾಗಾಗಿ ಮಾಳವ ದೊಡ್ಡ ದೂರವೇನಲ್ಲ.

ಹೆಸರಿನ ಮುಂದಿರೋ ಡೋಹರ ಅನ್ನೋದು ಅವರ ಕಸುಬು, ಜಾತಿ ಎರಡನ್ನೂ ಹೇಳುತ್ತೆ. ತೊಗಲಿನ ಕೆಲಸದಲ್ಲಿ ಎರಡು ಮನೆ. ಒಂದು ಹದ ಮಾಡೋ ಮನೆ, ಇನ್ನೊಂದು ಹೊಲಿಯೋ ಮನೆ. ಚಪ್ಪಲಿ ಹೊಲಿಯೋರು ಸಮಗಾರರು. ಅವರ ಕೈಗೆ ಹೋಗೋ ಮುಂಚೆ ಹಸಿ ತೊಗಲನ್ನ ಕೊಳೆಯದ ಹಾಗೆ, ಬಿರುಸಾಗದ ಹಾಗೆ ಹದಕ್ಕೆ ತರೋರು ಡೋಹರರು, ನಮ್ಮ ಕಡೆ ಡೋರರು ಅಂತಾರೆ. ಹೊಲಿದ ಚಪ್ಪಲಿ ಊರೊಳಗೆ ಬರುತ್ತೆ, ಹೊಲಿದವರು ಸಂತೆಗಾದರೂ ಬರ್ತಾರೆ. ಹದ ಮಾಡೋರು ಮಾತ್ರ ಊರ ಕಣ್ಣಿಗೆ ಬೀಳೋದೇ ಇಲ್ಲ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕತೆ ಚಿಕ್ಕ ಮಕ್ಕಳಿಗೂ ಗೊತ್ತು. ಆ ಚರ್ಮ ಹದ ಆಗಿದ್ದು ಎಲ್ಲಿ, ಹೇಗೆ ಅನ್ನೋದನ್ನ ಬಹಳಷ್ಟು ಸಲ ಕತೆ ಹೇಳೋರು ಹಾರಿಸಿಬಿಡ್ತಾರೆ.

ಕಕ್ಕಯ್ಯನವರ ಮಾತು ಅರ್ಥ ಆಗಬೇಕಾದರೆ ಮೊದಲು ಅವರ ಕೆಲಸ ಗೊತ್ತಾಗಬೇಕು. ಅವರ ಅಂಗಳದ ವಿವರವನ್ನ ಯಾವ ಪುರಾಣವೂ ಕೊಡೋದಿಲ್ಲ. ಆದರೆ ಮೊನ್ನೆ ಮೊನ್ನೆ, ನಮ್ಮ ಅಜ್ಜಂದಿರ ಕಾಲದವರೆಗೂ ಈ ಕಡೆಯ ಹಳ್ಳಿಗಳಲ್ಲಿ ನಡೀತಿದ್ದ ಪದ್ಧತಿ ಬಹಳ ಹಳೇದು. ಸುಣ್ಣ, ಮರದ ತೊಗಟೆ, ನೀರು, ಮೈಮುರಿ ದುಡಿಮೆ, ಇಷ್ಟೇ ಅದರ ಬಂಡವಾಳ.

ಹಸಿ ತೊಗಲು ಹದಕ್ಕೆ ಬರೋ ಬಗೆ

ಎತ್ತೋ ಎಮ್ಮೆಯೋ ಸತ್ತಾಗ ಹೊತ್ತು ಕಳೆಯೋ ಹಾಗಿಲ್ಲ. ಸುಲಿದ ತೊಗಲು ಬೇಸಿಗೆಯಲ್ಲಿ ಒಂದೇ ದಿನಕ್ಕೆ ನಾರೋಕೆ ಶುರುವಾಗುತ್ತೆ. ತಕ್ಷಣ ಕೆಲಸಕ್ಕೆ ಆಗದಿದ್ದರೆ ಒಳಮೈಗೆ ಉಪ್ಪು ತಿಕ್ಕಿ ಇಡಬೇಕು. ಮೊದಲ ಕೆಲಸ ಹಳ್ಳದ ನೀರಿನಲ್ಲಿ ನೆನೆಹಾಕಿ ರಕ್ತ, ಸಗಣಿ, ಉಪ್ಪು ಎಲ್ಲ ತೊಳೆಯೋದು. ಆಮೇಲೆ ಸುಣ್ಣದ ಕುಣಿ. ನೆಲದಲ್ಲಿ ತೋಡಿದ ಕುಣಿಯಲ್ಲಿ ಸುಣ್ಣದ ತಿಳಿ ಕಲಸಿ ತೊಗಲು ಮುಳುಗಿಸ್ತಾರೆ. ಎಂಟು ಹತ್ತು ದಿನ ಅದು ಅಲ್ಲೇ ಇರಬೇಕು, ಮತ್ತೆ ದಿನವೂ ಎತ್ತಿ ತಿರುಗಿಸಿ ಹಾಕಬೇಕು. ಸುಣ್ಣ ಕೂದಲಿನ ಬೇರನ್ನ ಸಡಿಲ ಮಾಡುತ್ತೆ, ತೊಗಲನ್ನ ಉಬ್ಬಿಸಿ ಅದರ ಎಳೆಗಳನ್ನ ಬಿಡಿಸುತ್ತೆ. ತೊಗಲು ತಿರುಗಿಸೋ ಕೈಯನ್ನೂ ಅದು ಬಿಡೋದಿಲ್ಲ. ಬೆರಳ ಸಂದಿ ಬಿರಿಯುತ್ತೆ, ಉಗುರು ಸವೆಯುತ್ತೆ.

ಕುಣಿಯಿಂದ ಎತ್ತಿದ ತೊಗಲನ್ನ ಇಳಿಜಾರು ಮರದ ದಿಮ್ಮಿ ಮೇಲೆ ಹರಡಿ, ಮೊಂಡು ಕತ್ತಿಯಲ್ಲಿ ಮೇಲ್ಮೈ ಕೂದಲು ಹೆರೀತಾರೆ. ಮಗುಚಿ ಹಾಕಿ ಹರಿತವಾದ ಕತ್ತಿಯಲ್ಲಿ ಒಳಮೈಯ ಮಾಂಸ, ಕೊಬ್ಬು ತೆಗೀತಾರೆ. ಇಲ್ಲಿ ಕೈ ಒಂಚೂರು ಜಾರಿದರೆ ತೊಗಲು ತೂತು, ಅದರ ಬೆಲೆ ಅರ್ಧ. ಅದಾದ ಮೇಲೆ ಸುಣ್ಣ ಹೋಗೋವರೆಗೂ ತೊಳೀಬೇಕು, ತುಳೀಬೇಕು, ಹಿಂಡಬೇಕು. ಸುಣ್ಣ ಉಳಿದರೆ ಮುಂದೆ ತೊಗಲು ಒಡೆಯುತ್ತೆ. ಹಾಗಾಗಿ ಡೋರರ ಮನೆ ಯಾವಾಗಲೂ ನೀರಿನ ಹತ್ತಿರ. ಹತ್ತಿರ ಅಂದ್ರೂ ಊರು ನೀರು ತುಂಬೋ ಜಾಗಕ್ಕಿಂತ ಕೆಳಗೆ. ಯಾವ ಊರು ಅವರಿಗೆ ಮೇಲಿನ ದಂಡೆ ಕೊಟ್ಟೀತು?

ನಿಜವಾದ ಹದ ಶುರುವಾಗೋದು ಇಲ್ಲಿಂದ. ಜಾಲಿ ಮರದ ತೊಗಟೆ ತಂದು, ಒಣಗಿಸಿ, ಕುಟ್ಟಿ ನೀರಲ್ಲಿ ನೆನೆಸಿದರೆ ನೀರು ಕೆಂಪಾಗುತ್ತೆ. ತಂಗಡಿ ಗಿಡದ ತೊಗಟೆಯೂ ನಡೆಯುತ್ತೆ. ಜತೆಗೆ ಅಳಲೆಕಾಯಿ. ಕೆಮ್ಮಿಗೆ ಅಂತ ಗ್ರಂಥಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡ್ತಾರಲ್ಲ, ಮರಾಠಿ ಮಾತಾಡೋರು ಹಿರಡಾ ಅಂತಾರಲ್ಲ, ಅದೇ ಕಾಯಿ. ಖಾನಾಪುರದ ಕಾಡಿನಲ್ಲಿ ಅದಕ್ಕೆ ಬರ ಇಲ್ಲ. ಇವೆಲ್ಲದರಲ್ಲಿ ಇರೋದು ಒಗರು. ಹಸಿ ಬಾಳೆಕಾಯಿ ಕಚ್ಚಿದರೆ ನಾಲಿಗೆ ಬಿಗಿದುಕೊಳ್ಳುತ್ತಲ್ಲ, ಆ ಒಗರೇ ತೊಗಲಿನ ಎಳೆಎಳೆಗೂ ಸೇರಿಕೊಂಡು ಅದನ್ನ ಕೊಳೆಯದ ವಸ್ತು ಮಾಡುತ್ತೆ. ವಿಜ್ಞಾನ ಓದಿದವರು ಅದನ್ನ ಟ್ಯಾನಿನ್ ಅಂತಾರೆ.

ತೊಗಲನ್ನ ಮೊದಲು ತಿಳಿಯಾದ ಹಳೇ ತೊಗಟೆ ನೀರಲ್ಲಿ ಹಾಕ್ತಾರೆ. ಒಮ್ಮೆಲೇ ಗಟ್ಟಿ ನೀರಿಗೆ ಹಾಕಿದರೆ ಮೇಲ್ಮೈ ಮಾತ್ರ ಬಿಗಿದು ಒಳಗೆ ಹಸಿ ಉಳಿದುಬಿಡುತ್ತೆ. ಕೆಲವು ದಿನ ಆದ ಮೇಲೆ ತೊಗಲನ್ನೇ ದೊಡ್ಡ ಚೀಲದ ಹಾಗೆ ಹೊಲಿದು, ಮರದ ಕವೆಗೆ ಬಾಯಿ ಮೇಲಾಗಿ ತೂಗು ಹಾಕಿ, ಒಳಗೆ ಕುಟ್ಟಿದ ತೊಗಟೆ ತುಂಬಿ ಕೆಂಪು ನೀರು ಹೊಯ್ತಾರೆ. ನೀರು ತೊಗಲಿನ ಮೂಲಕ ಬೆವರಿನ ಹಾಗೆ ತೊಟ್ಟಿಕ್ಕುತ್ತೆ. ಕೆಳಗಿಟ್ಟ ಪಾತ್ರೆಗೆ ಬಿದ್ದ ನೀರನ್ನ ಮತ್ತೆ ಮೇಲಿಂದ ಹೊಯ್ಯಬೇಕು. ಹಗಲು ರಾತ್ರಿ ಯಾರಾದರೂ ಒಬ್ಬರು ಅದರ ಪಕ್ಕ ಇರಲೇಬೇಕು. ಕೆಲವು ದಿನಕ್ಕೆ ಚೀಲ ಬಿಚ್ಚಿ ತಲೆಕೆಳಗು ಮಾಡಿ ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಒಂದು ಕಡೆ ಹದ, ಇನ್ನೊಂದು ಕಡೆ ಹಸಿ. ಮೊದಲಿಂದ ಕೊನೆಯವರೆಗೆ ತಿಂಗಳು ಹಿಡಿಯೋ ಕೆಲಸ. ಮನೆಯ ಹೆಂಗಸರು ನೀರು ಹೊರೋದು, ತೊಗಟೆ ಕುಟ್ಟೋದು, ಮಕ್ಕಳು ಕಾಯೋದು. ಕಡೆಗೆ ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆ ತಿಕ್ಕಿದರೆ ಆಯ್ತು.

ಆ ತೊಗಲು ಇಲ್ಲದೆ ಊರು ಒಂದು ದಿನ ನಡೀತಿರಲಿಲ್ಲ. ಕಪಿಲೆ ಬಾವಿಯಿಂದ ನೀರೆತ್ತೋ ಚೀಲ, ನೊಗದ ಮಿಣಿ, ಬಾರುಕೋಲು, ಕುದುರೆ ಜೀನು, ಡೊಳ್ಳಿಗೆ ಚರ್ಮ, ಕಾಲಿಗೆ ಕೆರ. ಗುಡಿಯಲ್ಲಿ ಬಾರಿಸೋ ನಗಾರಿಗೂ ತೊಗಲೇ ಬೇಕು. ಆದರೆ ಅದನ್ನ ಹದ ಮಾಡಿದ ಕೈ ಗುಡಿಯ ಮೆಟ್ಟಿಲು ಮುಟ್ಟಬಾರದು. ತೊಗಟೆ ನೀರಿನ ಕೆಂಪು ಅಂಗೈಯಿಂದ ವಾರಗಟ್ಟಲೆ ಹೋಗೋದಿಲ್ಲ, ವಾಸನೆಯೂ ಅಷ್ಟೇ. ಬೇರೆಯವರು ಜಾತಿ ಮುಚ್ಚಿಕೊಂಡು ಪರಸ್ಥಳಕ್ಕೆ ಹೋಗಿ ಬದುಕಬಹುದಿತ್ತೇನೋ, ಡೋಹರನ ಜಾತಿ ಅವನ ಅಂಗೈಯಲ್ಲೇ ಬರೆದಿರುತ್ತಿತ್ತು.

ಆ ಅಂಗೈಗೆ ಬಂದ ಲಿಂಗ

ಕಕ್ಕಯ್ಯನವರು ಇಂಥ ಕೈ ಹೊತ್ತುಕೊಂಡು ಬಂದದ್ದು ಕಲ್ಯಾಣಕ್ಕೆ, ಇವತ್ತಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ. ಕಳಚೂರಿ ಬಿಜ್ಜಳ ಅಲ್ಲಿ ರಾಜ, ಬಸವಣ್ಣನವರು ಅವನ ಭಂಡಾರಿ. ಬಸವಣ್ಣನವರು ಅಲ್ಲಿ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು, ದೇವರನ್ನ ಗುಡಿಯ ಗರ್ಭದಿಂದ ಬಿಡಿಸಿ ಮನುಷ್ಯನ ಅಂಗೈ ಮೇಲೆ ಇಟ್ಟದ್ದು. ಇಷ್ಟಲಿಂಗ ಅಂದ್ರೆ ಅದೇ. ಎಡಗೈ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ನೋಡ್ತಾ ಕೂರೋದೇ ಪೂಜೆ. ನಡುವೆ ಪೂಜಾರಿ ಇಲ್ಲ, ಮೆಟ್ಟಿಲು ಇಲ್ಲ, ಬಾಗಿಲು ಇಲ್ಲ.

ಊರೊಳಗಿನ ಜಾತಿಯವರಿಗೆ ಇದು ಪೂಜೆಯ ಇನ್ನೊಂದು ರೀತಿ ಅನ್ನಿಸಿರಬಹುದು. ಸುಣ್ಣದಲ್ಲಿ ಬಿರಿದ, ತೊಗಟೆಯಲ್ಲಿ ಕೆಂಪಾದ ಅಂಗೈಯವರಿಗೆ ಅದು ಹಾಗಲ್ಲ. ಯಾವ ಕೈ ನೋಡಿ ಜನ ದಾರಿ ಬಿಟ್ಟು ಸರೀತಿದ್ದರೋ ಅದೇ ಕೈ ಈಗ ದೇವರ ಪೀಠ. ಕಕ್ಕಯ್ಯನವರು ದೀಕ್ಷೆ ಪಡೆದು ಶರಣರಾದರು. ಕಸುಬು ಬಿಡಬೇಕು ಅಂತ ಯಾರೂ ಹೇಳಲಿಲ್ಲ. ಕಾಯಕ ಯಾವುದಾದರೂ ಕೀಳಲ್ಲ ಅನ್ನೋದು ಅಲ್ಲಿನ ಕಟ್ಟಳೆ. ಹಾಗಾಗಿ ಡೋಹರ ಅನ್ನೋದು ಹೆಸರಿನ ಮುಂದೆ ಹಾಗೇ ಉಳೀತು, ಬೈಗುಳದ ಬದಲು ಗುರುತಾಗಿ.

ಬಸವಣ್ಣನವರು ತಮ್ಮ ವಚನಗಳಲ್ಲಿ ಕಕ್ಕಯ್ಯನವರನ್ನ ಮತ್ತೆ ಮತ್ತೆ ನೆನೀತಾರೆ. ಒಂದು ಕಡೆ ಮಾದಾರ ಚೆನ್ನಯ್ಯನವರನ್ನ, ಕಕ್ಕಯ್ಯನವರನ್ನ ತಮ್ಮ ಹೆತ್ತ ತಂದೆಯ ಜಾಗದಲ್ಲೇ ಇಟ್ಟು ಮಾತಾಡ್ತಾರೆ. ಇನ್ನೊಂದು ಕಡೆ, ಕಕ್ಕಯ್ಯನವರನ್ನ ಡೋಹರ ಅಂತ, ಚೆನ್ನಯ್ಯನವರನ್ನ ಮಾದಾರ ಅಂತ ಕರೆದು ತಾವು ಬ್ರಾಹ್ಮಣ ಅಂತ ಹೇಳಿಕೊಂಡರೆ ದೇವರಿಗೇ ನಗು ಬಂದೀತು ಅನ್ನೋ ಅರ್ಥದ ಮಾತಿದೆ. ರಾಜನ ಭಂಡಾರಿ, ಹುಟ್ಟಿನಿಂದ ಬ್ರಾಹ್ಮಣ, ತೊಗಲು ಹದ ಮಾಡೋರನ್ನ ಅಪ್ಪ ಅಂತ ಕರೆಯೋದು ಆ ಕಾಲದ ಕಲ್ಯಾಣದ ಬೀದಿಯಲ್ಲಿ ಹೇಗೆ ಕೇಳಿಸಿರಬೇಕು! ಇವತ್ತಿಗೂ ಭಾಷಣದಲ್ಲಿ ಹೇಳೋದು ಸಲೀಸು, ಮನೆ ಮಂದಿ ಎದುರು ಹೇಳೋದು ಕಷ್ಟ.

ಕಕ್ಕಯ್ಯನವರು ತಾವೂ ವಚನ ಬರೆದರು. ಅಂಕಿತ ಅಭಿನವ ಮಲ್ಲಿಕಾರ್ಜುನ. ಸಿಕ್ಕಿರೋದು ಆರೇ ಆರು. ಸಾವಿರದ ಲೆಕ್ಕದಲ್ಲಿ ಸಿಕ್ಕಿರೋ ಬಸವಣ್ಣನವರ ವಚನಗಳ ಎದುರು ಇದು ಏನೂ ಅಲ್ಲ. ಆದರೆ ಆ ಆರರಲ್ಲಿ ಒಂದು ಸಾಕು. ಅದರಲ್ಲಿ ಕಷ್ಟದ ಕುಲದಲ್ಲಿ ಹುಟ್ಟಿಸಿದ್ದಕ್ಕೆ ದೇವರ ಮೇಲೇ ದೂರು ಇದೆ. ಮುಟ್ಟಿದರೂ ಮುಟ್ಟದಂಥ ಸ್ಥಿತಿ ತಮ್ಮದಾಯ್ತಲ್ಲ ಅನ್ನೋ ಸಂಕಟ ಇದೆ. ಕಡೆಗೆ ಒಂದು ಪ್ರಶ್ನೆ: ಕೈ ತಾಗಬಾರದು ಅಂತಿಟ್ಟುಕೊಂಡರೂ ಮನಸ್ಸು ತಾಗೋದಕ್ಕೆ ಅಡ್ಡಿ ಏನು?

ಇದನ್ನ ಓದಿದ ಕೆಲವರು, ಪಾಪ ತಮ್ಮನ್ನ ತಾವೇ ಕೀಳು ಮಾಡಿಕೊಂಡಿದ್ದಾರೆ ಅಂತಾರೆ. ಹಾಗೆ ಓದೋದು ಸರಿ ಕಾಣೋದಿಲ್ಲ. ಸುಣ್ಣದ ಕುಣಿಯಲ್ಲಿ ದಿನಾ ಅದ್ದಿದ ಕೈಯನ್ನ ಎದುರಿಗಿಟ್ಟುಕೊಂಡು ಓದಬೇಕು. ಉಳಿದ ಶರಣರು ಮುಟ್ಟೋದು, ಮುಟ್ಟದೇ ಇರೋದು ಅಂದಾಗ ಅದು ತತ್ವದ ಮಾತು. ಕಕ್ಕಯ್ಯನವರು ಅಂದಾಗ ಅದು ದಿನದ ಅನುಭವ. ಊರು ಮುಟ್ಟಿಸಿಕೊಳ್ಳದ ಕೈಯನ್ನ ಮುಂದೆ ಚಾಚಿ ದೇವರನ್ನೇ ಕೇಳ್ತಿದ್ದಾರೆ, ನಿನ್ನ ಲೆಕ್ಕದಲ್ಲೂ ಇದು ಹೊಲಸೇ ಅಂತ. ದೂರು ಕೊಡೋರು ದೀನರಾಗಿ ಕೊಡ್ತಾರೆ ಅನ್ನೋದೇನೂ ಇಲ್ಲ.

ಕಲ್ಯಾಣ ಬಿಟ್ಟ ಮೇಲೆ

ಮುಂದಿನದು ಎಲ್ಲರಿಗೂ ಗೊತ್ತಿರೋ ಕತೆ. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನ ಕೊಟ್ಟು ಮದುವೆ ಮಾಡಿದ್ದು, ಅದಕ್ಕೆ ಬಿಜ್ಜಳ ಕೊಟ್ಟ ಎಳೆಹೂಟೆ ಶಿಕ್ಷೆ, ಆಮೇಲೆ ಬಿಜ್ಜಳನ ಕೊಲೆ. ಇದೆಲ್ಲ 1167-68ರ ಹೊತ್ತಿನದು ಅಂತ ಹೇಳ್ತಾರೆ. ಕಲ್ಯಾಣ ಹೊತ್ತಿ ಉರೀತು, ಶರಣರು ಚೆದುರಿದರು.

ಚೆನ್ನಬಸವಣ್ಣನವರ ಜತೆ ಒಂದು ತಂಡ ವಚನದ ಕಟ್ಟುಗಳನ್ನ ಹೊತ್ತುಕೊಂಡು ಉಳವಿಯ ಕಾಡಿನ ಕಡೆ ನಡೀತು. ಅಕ್ಕನಾಗಮ್ಮ, ಮಡಿವಾಳ ಮಾಚಯ್ಯ, ಕಕ್ಕಯ್ಯನವರು ಅದರಲ್ಲಿ ಇದ್ದರು ಅನ್ನೋದು ಪರಂಪರೆ. ಹಿಂದಿನಿಂದ ರಾಜನ ಸೈನ್ಯ. ನಮ್ಮ ಜಿಲ್ಲೆಯ ನಕ್ಷೆ ತೆಗೆದು ನೋಡಿದರೆ ಆ ದಾರಿ ಇನ್ನೂ ಕಾಣುತ್ತೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಒಡಲಲ್ಲೇ ಗಂಗಾಂಬಿಕೆಯ ಐಕ್ಯ ಸ್ಥಳ ಇದೆ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗೋರು ಕೈ ಮುಗಿದು ಹೋಗ್ತಾರೆ. ಅಲ್ಲಿಂದ ತೆಂಕಣಕ್ಕೆ ಕಕ್ಕೇರಿ, ಆಮೇಲೆ ದಟ್ಟ ಕಾಡು, ಕಡೆಗೆ ಉಳವಿ. ಒಬ್ಬೊಬ್ಬರು ಒಂದೊಂದು ಕಡೆ ಉಳಿದರು.

ಕಕ್ಕಯ್ಯನವರು ಉಳಿದದ್ದು ಕಕ್ಕೇರಿಯಲ್ಲಿ. ವಚನದ ಕಟ್ಟು ಹೊತ್ತವರು ಕಾಡು ಸೇರಲಿ ಅಂತ ಹಿಂದೆ ನಿಂತು ಸೈನ್ಯ ತಡೆದರು, ಗಾಯಗೊಂಡು ಇಲ್ಲೇ ಪ್ರಾಣ ಬಿಟ್ಟರು, ಅವರಿಂದಲೇ ಊರಿಗೆ ಈ ಹೆಸರು ಬಂತು ಅಂತ ಜನ ಹೇಳ್ತಾರೆ. ಊರಿನಲ್ಲಿ ಅವರ ಸಮಾಧಿ ಇದೆ, ನಡೆದುಕೊಳ್ಳೋ ಜನ ಇದ್ದಾರೆ. ಬಿಷ್ಟಾದೇವಿ ಜಾತ್ರೆಗೆ ಕಕ್ಕೇರಿಗೆ ಬರೋ ಅಷ್ಟೂ ಜನ ಸಮಾಧಿ ಕಡೆ ತಿರುಗಿ ನೋಡ್ತಾರಾ ಅಂದ್ರೆ, ಅದು ಬೇರೆ ಮಾತು.

ಓದು ಬರಹ ಕುಲದವರ ಸೊತ್ತು ಅಂತಿದ್ದ ಕಾಲದಲ್ಲಿ ಓಲೆಗರಿ ಕಟ್ಟು ಉಳಿಸೋಕೆ ತೊಗಲು ಹದ ಮಾಡೋ ಒಬ್ಬರು ಜೀವ ಕೊಟ್ಟರು ಅನ್ನೋ ಕತೆಯನ್ನ ಈ ಸೀಮೆ ಎಂಟು ಶತಮಾನ ಮರೆಯದೇ ಇಟ್ಟುಕೊಂಡಿದೆ. ಆ ಓಲೆಗರಿಗಳು ಮಠಗಳಲ್ಲಿ, ಮನೆಗಳ ಜಗಲಿಯಲ್ಲಿ, ದೇವರ ಕೋಣೆಯಲ್ಲಿ ಧೂಳು ತಿಂದವು. ವಿಜಯಪುರದಲ್ಲಿ ವಕೀಲಿ ಮಾಡ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನ ಕೂಡಿಹಾಕಿದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೇರೆಲ್ಲೂ ಅಲ್ಲ, ನಮ್ಮ ಬೆಳಗಾವಿಯಲ್ಲೇ. ಕಕ್ಕೇರಿಯಿಂದ ಬೆಳಗಾವಿ ಎಷ್ಟು ದೂರ ಅಂತ ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ.

ಹೆಸರು ಉಳೀತು, ಕುಣಿ ಮುಚ್ಚಿತು

ಕಕ್ಕಯ್ಯನವರ ಹೆಸರನ್ನ ಬಿಡದೆ ಹಿಡಿದುಕೊಂಡವರು ಅವರ ಕಸುಬಿನ ಜನ. ಡೋರ ಸಮಾಜದವರು ತಮ್ಮನ್ನ ಕಕ್ಕಯ್ಯ ಸಮಾಜ ಅಂತಲೇ ಕರ್ಕೊಳ್ತಾರೆ. ಸೊಲ್ಲಾಪುರದಲ್ಲಿ, ಮುಂಬಯಿಯಲ್ಲಿ ಅವರು ಸಂತ ಕಕ್ಕಯ್ಯ. ತೊಗಲಿನ ಕೆಲಸಕ್ಕೆ ಹೆಸರಾದ ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಅಂತ ರಸ್ತೆಯೇ ಇದೆ. ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಡೋರ ಅನ್ನೋದರ ಪಕ್ಕ ಕಕ್ಕಯ್ಯ, ಕಂಕಯ್ಯ ಅಂತ ಬರೆದಿದೆ. ಕೈ ಮುಟ್ಟಬಾರದ ಕುಲ ಅಂತ ದೇವರ ಹತ್ತಿರ ದೂರಿದವರ ಹೆಸರೇ ಈಗ ತಹಸೀಲ್ದಾರ್ ಕಚೇರಿಯ ಜಾತಿ ಪ್ರಮಾಣ ಪತ್ರದಲ್ಲಿ. ಅದರಿಂದ ಎಷ್ಟೋ ಮಕ್ಕಳಿಗೆ ಕಾಲೇಜು, ನೌಕರಿ ಸಿಕ್ಕಿದೆ. ಅದೇ ಕಾಗದ ಜಾತಿಯನ್ನ ಮರೆಯೋಕೂ ಬಿಡೋದಿಲ್ಲ. ಎರಡೂ ನಿಜ.

ರಾಜ್ಯ ಸರ್ಕಾರ ಫೆಬ್ರುವರಿಯಲ್ಲಿ ಕಾಯಕ ಶರಣರ ಜಯಂತಿ ಮಾಡುತ್ತೆ. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಉರಿಲಿಂಗಪೆದ್ದಿ, ಐದೂ ಜನರಿಗೆ ಸೇರಿ ಒಂದೇ ದಿನ, ಒಂದೇ ವೇದಿಕೆ. ಐದು ಬೇರೆ ಬೇರೆ ಬದುಕನ್ನ ಒಂದು ಹಾರದಲ್ಲಿ ಮುಗಿಸೋದು ಸರ್ಕಾರಕ್ಕೆ ಅನುಕೂಲ.

ಕಸುಬಿನ ಕತೆ ಬೇರೆ. ಪಂಪ್‌ಸೆಟ್ ಬಂದ ಮೇಲೆ ಕಪಿಲೆ ಚೀಲ ಹೋಯ್ತು. ರಬ್ಬರು, ಪ್ಲಾಸ್ಟಿಕ್ಕು ಕೆರವನ್ನ ತಿಂದವು. ಕಾರ್ಖಾನೆಯಲ್ಲಿ ಕ್ರೋಮಿಯಂ ಉಪ್ಪು ಹಾಕಿ ತಿಂಗಳ ಕೆಲಸವನ್ನ ಕೆಲವೇ ದಿನಕ್ಕೆ ಮುಗಿಸ್ತಾರೆ. ಆ ನೀರು ನದಿಗೆ ಬಿಟ್ಟರೆ ಏನಾಗುತ್ತೆ ಅನ್ನೋದು ಬೇರೆ ಗೋಳು. ತೊಗಟೆಯಲ್ಲಿ ಹದ ಮಾಡಿದ ತೊಗಲು ಈಗ ಮುಖ್ಯವಾಗಿ ಬೇಕಾಗಿರೋದು ಕೊಲ್ಹಾಪುರಿ ಚಪ್ಪಲಿಗೆ. ಅದಕ್ಕೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆ ಜತೆ ನಮ್ಮ ಕಡೆಯ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಅಥಣಿ, ನಿಪ್ಪಾಣಿ ಕಡೆ ಹೊಲಿಯೋರು ಇನ್ನೂ ಇದ್ದಾರೆ. ಅಂಗಡಿಯವರು ಚಪ್ಪಲಿ ಬಗ್ಗಿಸಿ, ನೋಡಿ ತೊಗಲು ಹೆಂಗ ಮಡಿಚ್ತದ ಅಂತ ಗಿರಾಕಿಗೆ ತೋರಿಸ್ತಾರಲ್ಲ, ಆ ಹದ ಬಂದದ್ದು ಹೊಲಿದವರಿಂದ ಅಲ್ಲ, ಅದಕ್ಕೂ ಮುಂಚೆ ಸುಣ್ಣದಲ್ಲಿ ಕೈ ಅದ್ದಿದವರಿಂದ.

ಭಾರತ ಹುಣ್ಣಿಮೆ ಹತ್ತಿರ ಬಂದಾಗ ಬೆಳಗಾವಿ, ಧಾರವಾಡ ಜಿಲ್ಲೆಯ ಚಕ್ಕಡಿಗಳು ಸಾಲು ಸಾಲಾಗಿ ಉಳವಿ ಚೆನ್ನಬಸವಣ್ಣನವರ ಜಾತ್ರೆಗೆ ಹೊರಡ್ತವೆ. ಎತ್ತಿನ ಕೊರಳಿಗೆ ಗೆಜ್ಜೆ ಪೋಣಿಸಿದ ತೊಗಲಿನ ಪಟ್ಟಿ, ಹೊಡೆಯೋರ ಕೈಯಲ್ಲಿ ಬಾರುಕೋಲು. 12ನೇ ಶತಮಾನದಲ್ಲಿ ವಚನದ ಕಟ್ಟು ಹೋದ ದಿಕ್ಕು ಅದೇ. ಕಕ್ಕಯ್ಯನವರು ಆ ದಾರಿಯ ಕೊನೆ ತಲುಪಲಿಲ್ಲ, ಕಕ್ಕೇರಿಯಲ್ಲೇ ಇದ್ದಾರೆ.